ಎಂಎ ಎಕನಾಮಿಕ್ಸ್‌ಗೆ ಟ್ಯೂಷನ್: ಪದೇ ಪದೇ ಕೇಳೋ ಪ್ರಶ್ನೆಗಳು

ಏಳು ವರ್ಷದಿಂದ ಎಂಎ ಓದೋರಿಗೆ ಎಕನಾಮಿಕ್ಸ್ ಹೇಳ್ಕೊಡ್ತಿದೀನಿ, ಹೆಚ್ಚಿನದು ಆನ್‌ಲೈನು, ಶನಿವಾರ ಭಾನುವಾರ ಮನೇಲೇ ನಾಲ್ಕೈದು ಜನ ಬಂದು ಕೂತ್ಕೋತಾರೆ. ನಾನೂ ಚಿತ್ರದುರ್ಗದ ಕಡೆಯವಳು, ಬಿಎ ಕನ್ನಡ ಮೀಡಿಯಂ. ಫೋನಲ್ಲಿ, ವಾಟ್ಸಾಪಲ್ಲಿ, ಒಂದ್ಸಲ ಮದುವೆ ಮನೆ ಪಂಕ್ತೀಲಿ ಹೋಳಿಗೆ ತಿನ್ತಾ ಇರೋವಾಗಲೂ ಕೇಳಿದ್ದ ಪ್ರಶ್ನೆಗಳು ಇವು. ಕೇಳಿದವರ ಮಾತಲ್ಲೇ ಇಟ್ಟಿದೀನಿ. ಮೊದಮೊದಲಿಗೆ ಹೊಸಬರದ್ದು, ಕೊನೆಗೆ ಪಿಎಚ್‌ಡಿ ಕಡೆ ಹೋಗೋರದ್ದು.

## ಇನ್ನೂ ಶುರು ಮಾಡದೇ ಇರೋರಿಗೆ

ಎಂಎಗೂ ಟ್ಯೂಷನ್ ತಗೋತಾರಾ ಮೇಡಂ? ಮನೇಲಿ ಹೇಳಿದ್ರೆ ನಗ್ತಾರೆ

ತಗೋತಾರೆ, ಆದ್ರೆ ಹೇಳ್ಕೊಳ್ಳಲ್ಲ ಅಷ್ಟೇ. ಎಸ್ಸೆಸ್ಸೆಲ್ಸಿ ಮಗು ಟ್ಯೂಷನ್‌ಗೆ ಹೋದ್ರೆ ಶ್ರದ್ಧೆ, ಎಂಎ ಹುಡುಗ ಹೋದ್ರೆ ದಡ್ಡ ಅನ್ನೋ ಲೆಕ್ಕ ನಮ್ಮಲ್ಲಿದೆ. ನಿಜ ನೋಡಿದ್ರೆ ಬಿಎ ಎಕನಾಮಿಕ್ಸ್‌ಗೂ ಎಂಎ ಎಕನಾಮಿಕ್ಸ್‌ಗೂ ಇರೋ ಅಂತರ ಬೇರೆ ಎಷ್ಟೋ ಸಬ್ಜೆಕ್ಟಲ್ಲಿ ಇಲ್ಲ. ಬಿಎಲಿ ಬೇಡಿಕೆ ನಿಯಮ ಅಂದ್ರೆ ಒಂದು ವ್ಯಾಖ್ಯೆ, ಒಂದು ಪಟ್ಟಿ, ಒಂದು ರೇಖಾಚಿತ್ರ, ಆರು ಅಪವಾದ. ಎಂಎಲಿ ಅದೇ ಬೇಡಿಕೆ ಲಗ್ರಾಂಜಿಯನ್ (ಮಿತಿಯೊಳಗೆ ಗರಿಷ್ಠ ಕಂಡುಹಿಡಿಯೋ ಗಣಿತ) ಅನ್ನೋದ್ರಿಂದ ಹುಟ್ಟಿ, ಬೆಲೆ ಬದಲಾವಣೆಯ ಪರಿಣಾಮನ ಎರಡು ಭಾಗ ಮಾಡಿ ತೋರಿಸೋ ಸ್ಲಟ್‌ಸ್ಕಿ ಸಮೀಕರಣ ದಾಟಿ ಬರುತ್ತೆ. ವಿಷಯ ಅದೇನೇ, ಭಾಷೆ ಮಾತ್ರ ಪೂರ್ತಿ ಬೇರೆ. ಈ ಸೇತುವೆ ಕಟ್ಟಿಕೊಡೋಕೆ ಕಾಲೇಜಲ್ಲಿ ಯಾರಿಗೂ ಟೈಮಿಲ್ಲ, ಒಂದು ಸೆಮಿಸ್ಟರ್‌ನಲ್ಲಿ ಸಿಲಬಸ್ ಮುಗಿಸಬೇಕು ಅವರೂ.

ಬಿಎ ಕನ್ನಡ ಮೀಡಿಯಂ ಅಕ್ಕ. ಕ್ಲಾಸಲ್ಲಿ ಏನೂ ತಲೆಗೆ ಹೋಗ್ತಿಲ್ಲ. ನನಗೆ ಇಂಗ್ಲಿಷ್ ಟ್ಯೂಷನ್ ಬೇಕಾ ಎಕನಾಮಿಕ್ಸ್ ಟ್ಯೂಷನ್ ಬೇಕಾ?

ನಾನು ನೋಡಿದ ಹತ್ತರಲ್ಲಿ ಏಳೆಂಟು ಜನಕ್ಕೆ ಎರಡೂ ಅಲ್ಲ, ಬೇಕಾಗಿರೋದು ಮ್ಯಾಥ್ಸು. ಪರೀಕ್ಷೆ ಮಾಡ್ಕೊಳ್ಳಿ. ಪುಸ್ತಕದ ಒಂದು ಪುಟ ತಗೊಂಡು, ಮಾತಲ್ಲಿ ಬರೆದಿರೋ ಪ್ಯಾರಾನ ಡಿಕ್ಷನರಿ ಇಟ್ಕೊಂಡು ಓದಿ, ಅರ್ಥ ಆಯ್ತು ಅಂದ್ರೆ ಇಂಗ್ಲಿಷ್ ನಿಮ್ಮ ತೊಂದರೆ ಅಲ್ಲ, ನಿಧಾನ ಅಷ್ಟೇ. ಸಮೀಕರಣ ಬಂದ ಕೂಡ್ಲೇ ಕಣ್ಣು ಜಾರಿ ಕೆಳಗಿನ ಪ್ಯಾರಾಗೆ ಹೋಗ್ತಿದೆಯಾ, ಹಾಗಾದ್ರೆ ಕಾಯಿಲೆ ಎಲ್ಲಿದೆ ಗೊತ್ತಾಯ್ತು.

ಇಂಗ್ಲಿಷ್ ಪದಗಳದ್ದು ಎರಡು ತಿಂಗಳ ಕಥೆ. ಸೀಮಾಂತ ತುಷ್ಟಿಗುಣ ಅಂದ್ರೆ ಮಾರ್ಜಿನಲ್ ಯುಟಿಲಿಟಿ, ಸ್ಥಿತಿಸ್ಥಾಪಕತ್ವ ಅಂದ್ರೆ ಇಲಾಸ್ಟಿಸಿಟಿ, ಹಿಂಗೆ ಒಂದು ನೋಟ್‌ಬುಕ್ಕಲ್ಲಿ ಎರಡು ಕಾಲಂ ಮಾಡಿ ಬರ್ಕೊಳ್ಳಿ, ನೂರೈವತ್ತು ಪದ ಆಗೋ ಹೊತ್ತಿಗೆ ಭಯ ಹೋಗಿರುತ್ತೆ. ಅಂದಹಾಗೆ ಕನ್ನಡ ಮೀಡಿಯಂನವರಿಗೆ ಒಂದು ಲಾಭ ಇದೆ, ನಾನು ಇದನ್ನ ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ. ಎರಡು ಭಾಷೇಲಿ ಒಂದು ವಿಷಯ ಯೋಚನೆ ಮಾಡಿದವರು ವ್ಯಾಖ್ಯೆನ ಬಾಯಿಪಾಠ ಹೊಡೆಯೋದು ಕಮ್ಮಿ. ಉತ್ತರ ಕನ್ನಡದಲ್ಲಿ ಬರೀಬಹುದಾ ಅನ್ನೋದು ಆಯಾ ಯೂನಿವರ್ಸಿಟಿ ರೂಲು, ಸೀನಿಯರ್ ಹೇಳಿದ್ದು ನಂಬಬೇಡಿ, ಪರೀಕ್ಷಾ ವಿಭಾಗದಲ್ಲೇ ಕೇಳಿ.

ಪಿಯುಸಿಲಿ ಎಚ್‌ಇಪಿಎಸ್. ಮ್ಯಾಥ್ಸ್ ಟೆಂತ್‌ಗೇ ಬಿಟ್ಟೆ. ಎಷ್ಟು ಕಲ್ತ್ರೆ ಸಾಕು?

ಎಲ್ಲ ಕಲೀಬೇಕಿಲ್ಲ, ಅದೇ ಖುಷಿ. ಟ್ರಿಗ್ನಾಮೆಟ್ರಿ ಹತ್ರಾನೂ ಹೋಗ್ಬೇಡಿ. ಫಂಕ್ಷನ್ ಅಂದ್ರೇನು, ಲಾಗ್ ಮತ್ತು ಘಾತದ ನಿಯಮ, ಡೆರಿವೇಟಿವ್, ಪಾರ್ಷಿಯಲ್ ಡೆರಿವೇಟಿವ್, ಗರಿಷ್ಠ ಕನಿಷ್ಠ ಕಂಡುಹಿಡಿಯೋದು, ಲಗ್ರಾಂಜ್ ವಿಧಾನ, ಎರಡು ಮೂರು ಸಾಲಿನ ಮ್ಯಾಟ್ರಿಕ್ಸ್, ಆಮೇಲೆ ಎಕನಾಮೆಟ್ರಿಕ್ಸ್‌ಗೆ (ಡೇಟಾ ಇಟ್ಕೊಂಡು ಆರ್ಥಿಕ ಸಂಬಂಧ ಅಳೆಯೋ ಪಾಠ) ಸರಾಸರಿ ವೇರಿಯನ್ಸ್ ಸಂಭವನೀಯತೆ. ದಿನಾ ಒಂದೂವರೆ ಗಂಟೆ ಪೆನ್ನು ಹಿಡಿದು ಕೂತ್ರೆ ಮೂರು ತಿಂಗಳು ಆಗುತ್ತೆ, ವಿಡಿಯೋ ನೋಡಿದ ಟೈಮ್ ಇದ್ರಲ್ಲಿ ಲೆಕ್ಕ ಇಲ್ಲ.

ಲಗ್ರಾಂಜ್ ಅಂದ ಕೂಡ್ಲೇ ಹೆದರೋರಿಗೆ ನಾನು ಯಾವಾಗಲೂ ಕೊಡೋ ಲೆಕ್ಕ ಇದು. ಚಕ್ಲಿ ಒಂದಕ್ಕೆ 2 ರೂಪಾಯಿ, ಕೋಡುಬಳೆ ಒಂದಕ್ಕೆ 4 ರೂಪಾಯಿ, ಜೇಬಲ್ಲಿ 80 ರೂಪಾಯಿ. ನಿಮ್ಮ ತುಷ್ಟಿಗುಣ (ತಿಂದಾಗ ಸಿಗೋ ತೃಪ್ತಿ) ಅಂದ್ರೆ ಚಕ್ಲಿ ಸಂಖ್ಯೆನ ಕೋಡುಬಳೆ ಸಂಖ್ಯೆಯಿಂದ ಗುಣಿಸಿದ್ದು ಅಂತ ಇಟ್ಕೊಳ್ಳಿ. ಲೆಕ್ಕ ಮಾಡಿದ್ರೆ 20 ಚಕ್ಲಿ, 10 ಕೋಡುಬಳೆ, ತುಷ್ಟಿಗುಣ 200 ಬರುತ್ತೆ, ಜೊತೆಗೆ ಲ್ಯಾಂಬ್ಡಾ 5 ಅಂತ ಬರುತ್ತೆ. ಇಲ್ಲಿಗೆ ಎಲ್ಲರೂ ಪೆನ್ನು ಕೆಳಗಿಡ್ತಾರೆ. ಈ 5 ಏನು ಅಂತ ಕೇಳಿದ್ರೆ ಗೊತ್ತಿಲ್ಲ. ಈಗ ಜೇಬಲ್ಲಿ 81 ರೂಪಾಯಿ ಇದೆ ಅಂದ್ಕೊಂಡು ಪುನಃ ಮಾಡಿ, ಚಕ್ಲಿ 20.25, ಕೋಡುಬಳೆ 10.125, ಗುಣಿಸಿದ್ರೆ ಸುಮಾರು 205. ಒಂದು ರೂಪಾಯಿ ಜಾಸ್ತಿ ಆಗಿದ್ದಕ್ಕೆ ತುಷ್ಟಿಗುಣ ಐದು ಏರ್ತು, ಲ್ಯಾಂಬ್ಡಾ ಅಂದ್ರೆ ಅದೇ, ಆ ಕೊನೇ ರೂಪಾಯಿಯ ಬೆಲೆ. ಕಾಲು ಚಕ್ಲಿ ಯಾರು ಕೊಡ್ತಾರೆ ಅಂತ ಒಬ್ಬ ಕೇಳಿದ್ದ, ಒಳ್ಳೇ ಪ್ರಶ್ನೆನೇ, ವಸ್ತುಗಳು ತುಂಡಾಗ್ತವೆ ಅನ್ನೋದು ಮಾಡೆಲ್‌ನ ಊಹೆ ಅಂತ ಅವನಿಗೆ ಅವತ್ತು ಗೊತ್ತಾಯ್ತು.

ಟ್ಯೂಟರ್ ಎಲ್ಲಿ ಸಿಗ್ತಾರೆ? ನಮ್ಮೂರಲ್ಲಿ ಪಿಯುಸಿ ಕಾಮರ್ಸ್ ಟ್ಯೂಷನ್ ಬಿಟ್ರೆ ಏನಿಲ್ಲ

ಬೋರ್ಡ್ ಹಾಕ್ಕೊಂಡು ಕೂತಿರೋರು ಸಿಗಲ್ಲ, ಹುಡುಕಬೇಕು. ನನ್ನ ಪ್ರಕಾರ ಬೆಸ್ಟು ಪಿಎಚ್‌ಡಿ ಮಾಡ್ತಿರೋರು, ಅದರಲ್ಲೂ ಕೋರ್ಸ್‌ವರ್ಕ್ ಈಗಷ್ಟೇ ಮುಗಿಸಿದವರು. ಅವರಿಗೆ ತಾವು ಎಲ್ಲಿ ಮುಗ್ಗರಿಸಿದ್ವಿ ಅನ್ನೋದು ಇನ್ನೂ ನೆನಪಿರುತ್ತೆ. ಬೆಂಗಳೂರಲ್ಲಿ ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಇದೆ, ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ್ದು, ಅಲ್ಲಿ ರಿಸರ್ಚ್ ಸ್ಕಾಲರ್‌ಗಳು ಇರ್ತಾರೆ. ಮೈಸೂರು, ಧಾರವಾಡ, ಶಂಕರಘಟ್ಟ, ಕಲಬುರಗಿ, ಎಲ್ಲ ಯೂನಿವರ್ಸಿಟಿ ಡಿಪಾರ್ಟ್‌ಮೆಂಟಲ್ಲೂ ಇರ್ತಾರೆ. ಹೋಗಿ ಲೈಬ್ರರೀಲಿ ಕೇಳಿ, ಇಲ್ಲಾಂದ್ರೆ ನಿಮ್ಮ ಮೇಷ್ಟ್ರನ್ನೇ ಕೇಳಿ ‘ಸಾರ್ ಯಾರಾದ್ರೂ ಇದಾರಾ’ ಅಂತ. ಗೆಸ್ಟ್ ಲೆಕ್ಚರರ್‌ಗಳೂ ಹೇಳ್ಕೊಡ್ತಾರೆ.

ಒಂದು ಎಚ್ಚರ. ನಿಮಗೆ ಕ್ಲಾಸ್ ತಗೊಳ್ಳೋ ಮೇಷ್ಟ್ರ ಹತ್ರಾನೇ ದುಡ್ಡು ಕೊಟ್ಟು ಟ್ಯೂಷನ್ ಬೇಡ. ಯುಜಿಸಿ 2018ರ ನಿಯಮದ ವೃತ್ತಿ ಸಂಹಿತೆಯಲ್ಲೇ, ಅಧ್ಯಾಪಕರು ತಮ್ಮ ಕೆಲಸಕ್ಕೆ ಅಡ್ಡಿ ಆಗೋಂಥ ಖಾಸಗಿ ಟ್ಯೂಷನ್ ಕೋಚಿಂಗ್‌ನಿಂದ ದೂರ ಇರ್ಬೇಕು ಅಂತಿದೆ. ಅದು ಬಿಡಿ, ಇಂಟರ್ನಲ್ ಮಾರ್ಕ್ಸ್ ಹಾಕೋರೇ ಫೀಸೂ ತಗೊಂಡ್ರೆ ನಿಮಗೂ ಮುಜುಗರ ಅವರಿಗೂ ಮುಜುಗರ. ಅನುಮಾನ ಕೇಳೋಕೆ ಮಾತ್ರ ಧಾರಾಳವಾಗಿ ಹೋಗಿ, ಅದಕ್ಕೆ ಅವರಿಗೆ ಸರ್ಕಾರ ಸಂಬಳ ಕೊಡ್ತಿದೆ.

ಟ್ಯೂಟರ್ ಚೆನ್ನಾಗಿದಾರಾ ಇಲ್ವಾ ಅಂತ ಮೊದಲ ದಿನಾನೇ ಹೇಗೆ ಗೊತ್ತಾಗುತ್ತೆ?

ಡೆಮೋ ಕ್ಲಾಸಲ್ಲಿ ಯಾರು ಎಷ್ಟು ಹೊತ್ತು ಮಾತಾಡ್ತಾರೆ ನೋಡಿ. ಒಂದು ಗಂಟೇಲಿ ಐವತ್ತು ನಿಮಿಷ ಅವರೇ ಬೋರ್ಡ್ ತುಂಬಿಸಿದ್ರೆ ಅದು ಯೂಟ್ಯೂಬಲ್ಲಿ ಪುಕ್ಕಟೆ ಸಿಗುತ್ತೆ. ಒಳ್ಳೇ ಟ್ಯೂಟರ್ ಮೊದಲು ಕೇಳೋದೇ ‘ನೀನು ಎಲ್ಲಿವರೆಗೆ ಮಾಡಿದೀಯಾ ತೋರ್ಸು’ ಅಂತ. ಆಮೇಲೆ ನಿಮ್ಮ ನೋಟ್‌ಬುಕ್ಕು ಓದ್ತಾರೆ, ತಮ್ಮದನ್ನ ಓದಿಸಲ್ಲ. ಇನ್ನೊಂದು, ಅವರಿಗೆ ಗೊತ್ತಿಲ್ಲದ್ದು ಒಂದು ಕೇಳಿ ನೋಡಿ. ‘ನೋಡ್ಕೊಂಡು ನಾಳೆ ಹೇಳ್ತೀನಿ’ ಅಂದ್ರೆ ಕಣ್ಣುಮುಚ್ಚಿ ಸೇರ್ಕೊಳ್ಳಿ. ‘ಇದು ಎಕ್ಸಾಮಿಗೆ ಬರಲ್ಲ ಬಿಡು’ ಅಂದ್ರೆ ಚಪ್ಪಲಿ ಹಾಕ್ಕೊಳ್ಳಿ.

ದುಡ್ಡು ಎಷ್ಟಾಗುತ್ತೆ? ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಅಂತಾರೆ

ನಾನು ಒಬ್ರೇ ಆದ್ರೆ ಗಂಟೆಗೆ 600 ತಗೋತೀನಿ, ನಾಲ್ಕು ಜನ ಸೇರ್ಕೊಂಡು ಬಂದ್ರೆ ತಲೆಗೆ 200. ಬೇರೆಯವರು ಇದಕ್ಕಿಂತ ಕಮ್ಮಿನೂ ಇದಾರೆ, ಎರಡರಷ್ಟು ತಗೊಳ್ಳೋರೂ ಇದಾರೆ. ಸೆಂಟರ್‌ಗೆ ಹೋಗೋದಾದ್ರೆ ಹೇಳಿದ ಫೀಸಲ್ಲಿ ಜಿಎಸ್‌ಟಿ ಸೇರಿದೆಯಾ ಅಂತ ಮೊದ್ಲೇ ಕೇಳಿ, ಕೋಚಿಂಗ್ ಮೇಲೆ ಶೇ. 18 ಇದೆ.

ಒಟ್ಟಿಗೆ ಮಾತ್ರ ಕಟ್ಟಬೇಡಿ. ನಾನೇ ಎಂಎ ಓದೋವಾಗ ಒಂದು ಕಡೆ ವರ್ಷದ ಫೀಸು ಒಂದೇ ಸಲ ಕಟ್ಟಿ, ಮೂರನೇ ವಾರಕ್ಕೇ ಇಲ್ಲಿ ಏನೂ ಸಿಗಲ್ಲ ಅಂತ ಗೊತ್ತಾದ್ರೂ, ಅಪ್ಪ ಕಡಲೆಕಾಯಿ ಮಾರಿದ ದುಡ್ಡಲ್ವಾ ಅಂತ ಎಂಟು ತಿಂಗಳು ಬಸ್ ಹತ್ತಿ ಹೋಗಿದೀನಿ. ಅಲ್ಲೇ ಕೂತ್ಕೊಂಡು ಸಂಕ್ ಕಾಸ್ಟ್ (ಏನು ಮಾಡಿದ್ರೂ ವಾಪಸ್ ಬರದ ಖರ್ಚು) ಅಂದ್ರೇನು ಅಂತ ನೋಟ್ಸೂ ಬರ್ಕೊಂಡಿದೀನಿ! ನಾಲ್ಕು ಕ್ಲಾಸಿಗೆ ಕಟ್ಟಿ, ನೋಡಿ, ಆಮೇಲೆ ಮುಂದಿನ ನಾಲ್ಕು.

ಟ್ಯೂಷನ್‌ಗೆ ದುಡ್ಡೇ ಇಲ್ಲ ಅಕ್ಕ, ಬೇರೆ ದಾರಿ?

ಇದೆ, ಚೆನ್ನಾಗಿರೋದೇ ಇದೆ. ಇಗ್ನೋ ಎಂಎ ಎಕನಾಮಿಕ್ಸ್ ಪಾಠಗಳು ಪೂರ್ತಿ ಅವರದ್ದೇ ಇ-ಜ್ಞಾನಕೋಶ ಸೈಟಲ್ಲಿ ಪಿಡಿಎಫ್ ಸಿಗ್ತವೆ, ಒಬ್ಬರೇ ಕೂತು ಓದೋರಿಗೆ ಅಂತಲೇ ಬರೆದಿದ್ದು ಅದು, ಹಾಗಾಗಿ ಮೇಷ್ಟ್ರಿಲ್ಲದೇ ಓದಬಹುದು. ಯುಜಿಸಿಯ ಇ-ಪಿಜಿ ಪಾಠಶಾಲಾ ಇದೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಎಕನಾಮೆಟ್ರಿಕ್ಸ್ ಕೋರ್ಸ್ ಇದೆ, ಕೇಳೋಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಫೀಸು. ಅಮೆರಿಕದ ಎಂಐಟಿಯವರು ಪಾಠ, ಪ್ರಾಬ್ಲಂ ಸೆಟ್ಟು, ಎಷ್ಟೋ ಕಡೆ ಉತ್ತರ ಸಮೇತ ಓಪನ್‌ಕೋರ್ಸ್‌ವೇರ್‌ನಲ್ಲಿ ಹಾಕಿದಾರೆ. ನನ್ನ ಕೇಳಿದ್ರೆ ಅಲ್ಲಿ ಲೆಕ್ಚರ್‌ಗಿಂತ ಪ್ರಾಬ್ಲಂ ಸೆಟ್ಟೇ ಚಿನ್ನ.

ಇವೆಲ್ಲದರ ಕೊರತೆ ಒಂದೇ, ನೀವು ತಪ್ಪಿದಾಗ ‘ಇಲ್ಲಿ’ ಅಂತ ಬೆರಳಿಡೋರು ಇಲ್ಲ. ಅದಕ್ಕೆ ಮೂರು ಜನ ಸೇರ್ಕೊಳ್ಳಿ, ಒಂದೇ ಲೆಕ್ಕನ ಬೇರೆ ಬೇರೆ ಮಾಡಿ, ಭಾನುವಾರ ಒಬ್ಬರದ್ದು ಇನ್ನೊಬ್ಬರು ತಿದ್ದಿ. ಹಾಸ್ಟೆಲಲ್ಲಿ ಇರೋರಿಗೆ ಇದಕ್ಕಿಂತ ಸುಲಭ ಇನ್ನೇನಿದೆ.

## ಕ್ಲಾಸು ಶುರುವಾದ ಮೇಲೆ

ವಾರಕ್ಕೆ ಎಷ್ಟು ಕ್ಲಾಸ್ ಬೇಕು?

ಒಂದು. ಎಕ್ಸಾಮ್ ತಿಂಗಳಲ್ಲಿ ಎರಡು. ದಿನಾ ಬರ್ತೀನಿ ಅನ್ನೋರನ್ನ ನಾನು ಸೇರಿಸ್ಕೊಳ್ಳಲ್ಲ, ಅವರು ಓದೋದನ್ನ ನನ್ನ ತಲೆ ಮೇಲೆ ಹಾಕೋಕೆ ಬಂದಿರ್ತಾರೆ.

ಕ್ಲಾಸಲ್ಲಿ ಕೂತಾಗ ಎಲ್ಲ ಅರ್ಥ ಆಗುತ್ತೆ ಮೇಡಂ, ರೂಮಿಗೆ ಬಂದು ಮಾಡೋಕೆ ಹೋದ್ರೆ ಕೈಯೇ ಓಡಲ್ಲ

ಅತಿ ಹೆಚ್ಚು ಬರೋ ಪ್ರಶ್ನೆ ಇದು. ಬೇರೆಯವರು ಸೈಕಲ್ ಹೊಡೆಯೋದು ನೋಡಿದ್ರೆ ನಮಗೂ ಬರುತ್ತೆ ಅನ್ಸುತ್ತಲ್ಲ ಹಂಗೇ. ಬೋರ್ಡ್ ಮೇಲೆ ನಾನು ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೋದಾಗ ನೀವು ತಲೆ ಆಡಿಸ್ತೀರಾ, ಆ ಹೆಜ್ಜೆ ಸರಿ ಅಂತ ಒಪ್ಪೋದು ಸುಲಭ, ನೂರು ಹೆಜ್ಜೆಗಳಲ್ಲಿ ಇದೇ ಯಾಕೆ ಅಂತ ಆರಿಸೋದು ಕಷ್ಟ, ಆ ಆರಿಸೋ ಕೆಲಸ ಕ್ಲಾಸಲ್ಲಿ ನಾನು ಮಾಡಿರ್ತೀನಿ, ನೀವು ಮಾಡಿರಲ್ಲ.

ನನ್ನ ಹತ್ರ ಬರೋರಿಗೆ ಒಂದು ಕಟ್ಟುನಿಟ್ಟು ಇದೆ. ಅರ್ಧಂಬರ್ಧ ಮಾಡಿದ ಲೆಕ್ಕ ಇಲ್ಲದೇ ಕ್ಲಾಸಿಗೆ ಬರಂಗಿಲ್ಲ. ಪೂರ್ತಿ ಬೇಡ, ತಪ್ಪೇ ಇರ್ಲಿ, ಆದ್ರೆ ಪೆನ್ನಲ್ಲಿ ಇರ್ಬೇಕು, ರಬ್ಬರ್ ಹಾಕಿರಬಾರದು. ಯಾಕಂದ್ರೆ ಹೊಡೆದು ಹಾಕಿದ ಸಾಲಲ್ಲೇ ನನಗೆ ಗೊತ್ತಾಗೋದು. ಹೋದ ವರ್ಷ ಒಬ್ಬಳು ಆರು ವಾರ ‘ಮೈಕ್ರೋ ಬರಲ್ಲ, ಮೈಕ್ರೋ ಬರಲ್ಲ’ (ಮೈಕ್ರೋ ಎಕನಾಮಿಕ್ಸ್) ಅಂತಿದ್ಳು. ನೋಟ್‌ಬುಕ್ ತಿರುಗಿಸಿ ನೋಡಿದ್ರೆ ಸೆಟ್-ಅಪ್ ಎಲ್ಲ ಸರಿ, ಮೊದಲ ಕ್ರಮದ ಷರತ್ತುಗಳೂ ಸರಿ, ಪ್ರತಿ ಸಲ ಸೋಲ್ತಿದ್ದದ್ದು ಭಿನ್ನರಾಶಿ ಘಾತದಲ್ಲಿ, ಎಕ್ಸ್‌ನ ಘಾತ ಅರ್ಧ ಇದ್ದಾಗ ಡೆರಿವೇಟಿವ್ ತಗೊಂಡ್ರೆ ಘಾತ ಮೈನಸ್ ಅರ್ಧ ಆಗ್ಬೇಕು, ಅವಳು ಪ್ಲಸ್ ಅರ್ಧನೇ ಬಿಡ್ತಿದ್ಳು. ಒಂಬತ್ತನೇ ಕ್ಲಾಸಿನ ಘಾತಾಂಕ! ನಲವತ್ತು ನಿಮಿಷದಲ್ಲಿ ಸರಿ ಹೋಯ್ತು. ಇಡೀ ಮೈಕ್ರೋ ಪುನಃ ಮೊದಲಿಂದ ಹೇಳ್ಕೊಡಿ ಅಂತ ಬಂದಿದ್ದವಳು ಅವಳು, ನಾನು ಹೂಂ ಅಂದಿದ್ರೆ ಇಪ್ಪತ್ತು ಕ್ಲಾಸಿನ ದುಡ್ಡು ಬರ್ತಿತ್ತು, ಅವಳಿಗೆ ಏನೂ ಬರ್ತಿರ್ಲಿಲ್ಲ.

ಟ್ಯೂಟರ್ ಹತ್ರ ಹೋಗೋಕೆ ಮುಂಚೆ ಒಂದೇ ಒಂದು ವಾಕ್ಯ ಬರ್ಕೊಂಡು ಹೋಗಿ, ‘ಈ ಸಾಲಿನಿಂದ ಈ ಸಾಲಿಗೆ ಹೇಗೆ ಬಂತು ಗೊತ್ತಾಗ್ಲಿಲ್ಲ’ ಅಂತ. ಆ ವಾಕ್ಯ ಬರೆಯೋಕೆ ಹೋದಾಗ್ಲೇ ಅರ್ಧ ಜನಕ್ಕೆ ಉತ್ತರ ಹೊಳೆದುಬಿಡುತ್ತೆ, ಕ್ಲಾಸ್ ಕ್ಯಾನ್ಸಲ್ ಅಂತ ಮೆಸೇಜ್ ಹಾಕ್ತಾರೆ.

ಎಕನಾಮೆಟ್ರಿಕ್ಸ್ ಸೂತ್ರ ಎಲ್ಲ ಬಾಯಿಗೆ ಬರುತ್ತೆ, ಆದ್ರೆ ರಿಸಲ್ಟ್ ಕೊಟ್ಟು ಇದೇನು ಹೇಳು ಅಂದ್ರೆ ಬೆಬ್ಬೆಬ್ಬೆ

ಗಾಸ್-ಮಾರ್ಕೋವ್ ಊಹೆಗಳನ್ನ (ರಿಗ್ರೆಷನ್ ಅಂದಾಜು ಚೆನ್ನಾಗಿ ಬರೋಕೆ ಬೇಕಾದ ಷರತ್ತುಗಳು) ಮಂತ್ರದ ಥರ ಹೇಳ್ತಾರೆ, ಬ್ಲೂ (ಪಕ್ಷಪಾತ ಇಲ್ಲದ ರೇಖೀಯ ಅಂದಾಜುಗಳಲ್ಲಿ ಉತ್ತಮವಾದದ್ದು) ಅಂದ್ರೆ ಏನು ಅಂತಲೂ ಹೇಳ್ತಾರೆ. ಕೂಲಿಯ ಲಾಗ್‌ನ ಶಾಲೆಯ ವರ್ಷಗಳ ಮೇಲೆ ರಿಗ್ರೆಸ್ ಮಾಡಿ (ಒಂದು ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತೆ ಅಂತ ಅಂದಾಜು ಮಾಡಿ) ಗುಣಾಂಕ 0.08 ಬಂತು, ಏನರ್ಥ ಅಂತ ಕೇಳಿದ್ರೆ ‘ಸಿಗ್ನಿಫಿಕೆಂಟ್ ಮೇಡಂ’. ಅರೆ, ಸಿಗ್ನಿಫಿಕೆಂಟ್ ಅನ್ನೋದು ಉತ್ತರ ಅಲ್ಲ. ಒಂದು ವರ್ಷ ಜಾಸ್ತಿ ಓದಿದವರ ಕೂಲಿ ಸರಾಸರಿ ಸುಮಾರು ಶೇ. 8 ಜಾಸ್ತಿ ಇದೆ ಅನ್ನಬೇಕು. ಅದೇ ಸಮೀಕರಣದಲ್ಲಿ ಪಟ್ಟಣದವರು ಅನ್ನೋ ಡಮ್ಮಿಯ (ಹೌದಾದ್ರೆ 1, ಇಲ್ಲಾಂದ್ರೆ 0) ಗುಣಾಂಕ 0.5 ಬಂದ್ರೆ ಶೇ. 50 ಅನ್ನಂಗಿಲ್ಲ, ಇಷ್ಟು ದೊಡ್ಡ ಸಂಖ್ಯೆಗೆ ಆ ಅಂದಾಜು ನಡೆಯಲ್ಲ, ಲೆಕ್ಕ ಹಾಕಿದ್ರೆ ಸುಮಾರು ಶೇ. 65 ಆಗುತ್ತೆ.

ಇನ್ನೊಂದು ರೋಗ ಆರ್-ಸ್ಕ್ವೇರ್ ಮೋಹ, ಡೇಟಾದ ಏರಿಳಿತದಲ್ಲಿ ಎಷ್ಟು ಪಾಲನ್ನ ಮಾಡೆಲ್ ವಿವರಿಸುತ್ತೆ ಅನ್ನೋ ಅಳತೆ ಅದು. 0.95 ಬಂತು ಅಂತ ಫೋನ್ ಮಾಡಿ ಹೇಳ್ತಾರೆ. ಎರಡು ಸರಣಿ ವರ್ಷದಿಂದ ವರ್ಷಕ್ಕೆ ಏರ್ತಾ ಇದ್ರೆ, ಅವಕ್ಕೂ ಇವಕ್ಕೂ ಸಂಬಂಧ ಇಲ್ದಿದ್ರೂ ಆರ್-ಸ್ಕ್ವೇರ್ ಜಾಸ್ತಿನೇ ಬರುತ್ತೆ, ಬೆಂಗಳೂರಿನ ಸ್ಕೂಟರ್ ಸಂಖ್ಯೆನೂ ಯಾವುದೋ ದೇಶದ ಜನಸಂಖ್ಯೆನೂ ಹಾಕಿ ನೋಡಿ ಬೇಕಾದ್ರೆ. ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ಇದನ್ನ ತೋರಿಸಿದಾರೆ, ಆರ್-ಸ್ಕ್ವೇರ್, ಒಂದು ವರ್ಷದ ದೋಷಕ್ಕೂ ಮುಂದಿನ ವರ್ಷದ್ದಕ್ಕೂ ನಂಟಿದೆಯಾ ಅಂತ ನೋಡೋ ಡರ್ಬಿನ್-ವಾಟ್ಸನ್ ಸಂಖ್ಯೆಗಿಂತ ಜಾಸ್ತಿ ಇದ್ರೆ ಅನುಮಾನ ಪಡಿ ಅಂತ. ಇಂಥ ಸರಣಿಗಳನ್ನ ಪರೀಕ್ಷಿಸೋ ಯುನಿಟ್ ರೂಟ್ ಪಾಠ ಸಿಲಬಸ್ಸಲ್ಲಿ ಯಾಕಿದೆ ಅಂತ ಇಲ್ಲಿಂದ ಶುರು ಮಾಡಿದ್ರೆ ತಲೆಗೆ ಹೋಗುತ್ತೆ. ಪಿ-ವ್ಯಾಲ್ಯೂ 0.03 ಅಂದ್ರೆ ‘ನಲ್ ಹೈಪಾಥಿಸಿಸ್ (ಪರಿಣಾಮ ಏನೂ ಇಲ್ಲ ಅನ್ನೋ ಊಹೆ) ನಿಜ ಇರೋ ಸಾಧ್ಯತೆ ಶೇ. 3’ ಅಲ್ಲ. ನಲ್ ನಿಜ ಅಂತಲೇ ಇಟ್ಕೊಂಡ್ರೆ, ಇಷ್ಟು ಅಥವಾ ಇದಕ್ಕಿಂತ ವಿಪರೀತದ ಫಲಿತಾಂಶ ಬರೋ ಸಾಧ್ಯತೆ ಶೇ. 3. ಇದನ್ನ ಹತ್ತು ಸಲ ನಿಧಾನಕ್ಕೆ ಓದಿ, ನನಗೂ ಹತ್ತು ಸಲ ಬೇಕಾಗಿತ್ತು.

ಸ್ಟೇಟಾ ಕಲೀಲಾ, ಆರ್ ಕಲೀಲಾ? ನಮ್ಮ ಡಿಪಾರ್ಟ್‌ಮೆಂಟಲ್ಲಿ ಎಸ್‌ಪಿಎಸ್‌ಎಸ್ ಹೇಳ್ಕೊಡ್ತಾರೆ

ಆರ್. ಮೂರೂ ಅಂಕಿಅಂಶದ ಸಾಫ್ಟ್‌ವೇರೇ, ಆದ್ರೆ ಆರ್ ಪುಕ್ಕಟೆ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ, ಕೋರ್ಸ್ ಮುಗಿದ ಮೇಲೂ ನಿಮ್ಮ ಹತ್ರಾನೇ ಇರುತ್ತೆ. ಕೋಡ್ ಅಂದ್ರೆ ಮೈ ನಡುಗುತ್ತೆ ಅನ್ನೋರು ಗ್ರೆಟಲ್‌ನಿಂದ ಶುರು ಮಾಡಿ, ಅದೂ ಪುಕ್ಕಟೆ, ಮೌಸಲ್ಲೇ ಕೆಲಸ ಆಗುತ್ತೆ. ಸ್ಟೇಟಾ ಚೆನ್ನಾಗಿದೆ ಆದ್ರೆ ದುಡ್ಡು, ಕ್ರ್ಯಾಕ್ ಮಾಡಿದ್ದು ಹಾಕ್ಕೊಂಡು ಲ್ಯಾಪ್‌ಟಾಪ್ ಹಾಳು ಮಾಡ್ಕೊಂಡೋರು ನನಗೆ ಇಬ್ಬರು ಗೊತ್ತು.

ಚಾಟ್‌ಜಿಪಿಟಿ ಇರೋವಾಗ ಟ್ಯೂಟರ್ ಯಾಕೆ?

ನಾನೂ ಬಳಸ್ತೀನಿ. ರಾತ್ರಿ ಎರಡು ಗಂಟೆಗೆ ರಾಯ್ಸ್ ಐಡೆಂಟಿಟಿ (ಮೈಕ್ರೋದ ಒಂದು ಸೂತ್ರ) ಏನು ಅಂತ ಕೇಳಿದ್ರೆ ಬೇಜಾರಿಲ್ಲದೇ ಹೇಳುತ್ತೆ, ಕನ್ನಡದಲ್ಲೂ ಹೇಳುತ್ತೆ. ಆದ್ರೆ ಉದ್ದದ ಡೆರಿವೇಷನ್ನಲ್ಲಿ ಮಧ್ಯ ಎಲ್ಲೋ ಚಿಹ್ನೆ ತಪ್ಪಿಸಿ ಅಷ್ಟೇ ಧೈರ್ಯದಲ್ಲಿ ಮುಂದೆ ಹೋಗೋದೂ ಇದೆ, ಇಲ್ಲದ ಪೇಪರ್‌ಗಳ ಹೆಸರು ಕೊಡೋದೂ ಇದೆ, ಹೊಸಬರಿಗೆ ಅದು ಕಾಣಲ್ಲ. ಇನ್ನೂ ದೊಡ್ಡ ತೊಂದರೆ, ಕೇಳಿದ ಕೂಡ್ಲೇ ಪೂರ್ತಿ ಉತ್ತರ ಕೊಟ್ಟುಬಿಡುತ್ತೆ. ನಿಮ್ಮ ಅರ್ಧ ಲೆಕ್ಕ ಹಾಕಿ ‘ಉತ್ತರ ಬೇಡ, ಎಲ್ಲಿ ತಪ್ಪಿದೆ ಅಷ್ಟೇ ಹೇಳು’ ಅಂತ ಕೇಳೋ ಅಭ್ಯಾಸ ಮಾಡ್ಕೊಂಡ್ರೆ ನನ್ನ ಅರ್ಧ ಕೆಲಸ ಅದೇ ಮಾಡುತ್ತೆ, ಹೇಳೋಕೆ ಸಂಕಟ ಆದ್ರೂ ನಿಜ.

ಕೆಲಸ ಮಾಡ್ಕೊಂಡು ದೂರಶಿಕ್ಷಣದಲ್ಲಿ ಎಂಎ. ನನಗೆ ಟ್ಯೂಷನ್ ಉಪಯೋಗ ಆಗುತ್ತಾ?

ರೆಗ್ಯುಲರ್‌ನವರಿಗಿಂತ ನಿಮಗೇ ಜಾಸ್ತಿ ಬೇಕು, ಅನುಮಾನ ಕೇಳೋಕೆ ಪಕ್ಕದ ಬೆಂಚೇ ಇಲ್ಲವಲ್ಲ. ಇಗ್ನೋದಲ್ಲಿ ಅಸೈನ್‌ಮೆಂಟ್‌ಗೆ ಶೇ. 30 ತೂಕ ಇದೆ, ಅದನ್ನ ಜೆರಾಕ್ಸ್ ಅಂಗಡೀಲಿ ಸಿಗೋ ರೆಡಿ ಉತ್ತರ ನೋಡಿ ಇಳಿಸೋ ಬದಲು ಅದನ್ನೇ ಓದಿನ ವೇಳಾಪಟ್ಟಿ ಮಾಡ್ಕೊಳ್ಳಿ, ಒಂದೊಂದು ಅಸೈನ್‌ಮೆಂಟ್ ಪ್ರಶ್ನೆಗೆ ಒಂದು ಕ್ಲಾಸು. ಕರ್ನಾಟಕ ರಾಜ್ಯ ಮುಕ್ತ ವಿವಿಯವರೂ ಇದೇ ಥರ ಮಾಡಬಹುದು, ಸಂಪರ್ಕ ತರಗತಿ ಬಿಡಬೇಡಿ, ಅಲ್ಲಿ ನಿಮ್ಮಂಥ ಇನ್ನಿಬ್ಬರು ಸಿಕ್ಕಿದ್ರೆ ಫೀಸು ಮೂರು ಭಾಗ ಆಯ್ತಲ್ಲ.

## ಪರೀಕ್ಷೆ, ಡಿಸರ್ಟೇಷನ್, ಅದರಾಚೆ

ಎಂಎ ಟ್ಯೂಷನ್ನಲ್ಲೇ ನೆಟ್, ಕೆಸೆಟ್, ಐಇಎಸ್ ಎಲ್ಲ ಆಗುತ್ತಲ್ವಾ?

ಆಗಲ್ಲ. ನೆಟ್ ಅಂದ್ರೆ ಕಾಲೇಜು ಮೇಷ್ಟ್ರಾಗೋಕೆ ಇರೋ ದೇಶಮಟ್ಟದ ಅರ್ಹತಾ ಪರೀಕ್ಷೆ, 3 ಗಂಟೇಲಿ 150 ಪ್ರಶ್ನೆ, 300 ಮಾರ್ಕು, ನೆಗೆಟಿವ್ ಇಲ್ಲ, ಅದರಲ್ಲಿ 50 ಪ್ರಶ್ನೆ ಎಕನಾಮಿಕ್ಸೇ ಅಲ್ಲ. ಇಲ್ಲಿ ಅಗಲ ಬೇಕು, ಎಲ್ಲದರ ಬಗ್ಗೆ ಸ್ವಲ್ಪ ಸ್ವಲ್ಪ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತೆ ಹಿಂದೀಲಿ, ಕನ್ನಡ ಇಲ್ಲ. ಕೆಸೆಟ್ ಅದರ ರಾಜ್ಯಮಟ್ಟದ್ದು, ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತೆ, ಮಾದರಿ ಹೆಚ್ಚುಕಮ್ಮಿ ಅದೇ, ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ ಸಿಗುತ್ತೆ, ಜೆಆರ್‌ಎಫ್ (ಪಿಎಚ್‌ಡಿ ಮಾಡೋರ ಫೆಲೋಶಿಪ್) ಸಿಗಲ್ಲ. ಐಇಎಸ್ (ಇಂಡಿಯನ್ ಎಕನಾಮಿಕ್ ಸರ್ವೀಸ್) ಇವೆರಡರ ವಿರುದ್ಧ ದಿಕ್ಕು, ಯುಪಿಎಸ್‌ಸಿ ನಡೆಸೋದು, ಆರು ಪೇಪರ್ 1000 ಮಾರ್ಕು, ಸಂದರ್ಶನ 200, ಎಲ್ಲ ಇಂಗ್ಲಿಷಲ್ಲಿ ಬರೆಯೋದು, ವಯಸ್ಸು 21ರಿಂದ 30. ಎಂಎ ಚೆನ್ನಾಗಿ ಓದಿದವರಿಗೆ ಐಇಎಸ್ ಹತ್ರ, ನೆಟ್ ದೂರ, ಇದು ಬಹಳ ಜನಕ್ಕೆ ಉಲ್ಟಾ ಅನ್ಸುತ್ತೆ. ನೆಟ್‌ಗೆ ಟ್ಯೂಟರ್‌ಗಿಂತ ಹಳೇ ಪ್ರಶ್ನೆಪತ್ರಿಕೆ ಮತ್ತೊಂದು ಗಡಿಯಾರ ಸಾಕು ಅನ್ನೋದು ನನ್ನ ಅಭಿಪ್ರಾಯ.

ಡಿಸರ್ಟೇಷನ್ ಬರ್ಕೊಡೋರು ಇದಾರಂತೆ. ಎಲ್ರೂ ಮಾಡಿಸ್ತಾರೆ, ತಪ್ಪೇನು?

ನಾನು ಬರ್ಕೊಡಲ್ಲ, ಮೊದಲೇ ಹೇಳಿಬಿಡ್ತೀನಿ, ವರ್ಷಕ್ಕೆ ಹತ್ತು ಫೋನಾದ್ರೂ ಬರುತ್ತೆ ಇದಕ್ಕೆ. ಯುಜಿಸಿ 2018ರ ಕೃತಿಚೌರ್ಯ ನಿಯಮದಲ್ಲಿ ಹೋಲಿಕೆ ಶೇ. 10ರವರೆಗೆ ಶಿಕ್ಷೆ ಇಲ್ಲ, 10ರಿಂದ 40 ಇದ್ರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಇದ್ರೆ ಒಂದು ವರ್ಷ ಸಲ್ಲಿಸೋ ಹಾಗಿಲ್ಲ, ಅದರ ಮೇಲೆ ಹೋದ್ರೆ ನೋಂದಣಿನೇ ರದ್ದು. ಬರ್ಕೊಡೋರು ಒಂದೇ ಮಾಲನ್ನ ಊರಿನ ಹೆಸರು ಬದಲಾಯಿಸಿ ಐದು ಜನಕ್ಕೆ ಮಾರ್ತಾರೆ. ವೈವಾದಲ್ಲಿ ‘ಸ್ಯಾಂಪಲ್ ಹೇಗೆ ಆರಿಸಿದ್ರಿ’ ಅಂದಾಗ ಕಕ್ಕಾಬಿಕ್ಕಿ.

ಟ್ಯೂಟರ್ ಹತ್ರ ನ್ಯಾಯವಾಗಿ ತಗೊಳ್ಳಬಹುದಾದ ಸಹಾಯ ಬೇಕಾದಷ್ಟಿದೆ, ಎಲ್ಲಕ್ಕಿಂತ ದೊಡ್ಡದು ಪ್ರಶ್ನೆ ಚೂಪು ಮಾಡ್ಕೊಳ್ಳೋದು. ‘ಶಕ್ತಿ ಯೋಜನೆಯ ಪರಿಣಾಮ: ಒಂದು ಅಧ್ಯಯನ’ ಅಂತ ತರ್ತಾರೆ. ಅದು ಟೈಟಲ್ಲು, ಪ್ರಶ್ನೆ ಅಲ್ಲ. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಫ್ರೀ ಅನ್ನೋ ಈ ಯೋಜನೆ ಜೂನ್ 2023ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಸಲ ಬಂತು, ಹಾಗಾದ್ರೆ ಯಾರನ್ನ ಯಾರ ಜೊತೆ ಹೋಲಿಸ್ತೀರಾ? ನನ್ನ ಹತ್ರ ಬಂದ ಹುಡುಗ ಉಡುಪಿಯವನು, ಅವನೇ ಹೇಳಿದ, ‘ಅಕ್ಕ, ನಮ್ ಕಡೆ ಜಾಸ್ತಿ ಓಡೋದು ಪ್ರೈವೇಟ್ ಬಸ್ಸು, ಅದರಲ್ಲಿ ಫ್ರೀ ಇಲ್ವಲ್ಲ’ ಅಂತ. ಸಿಕ್ತಲ್ಲಪ್ಪ! ಸರ್ಕಾರಿ ಬಸ್ ಹೆಚ್ಚಿರೋ ರೂಟು, ಕಮ್ಮಿ ಇರೋ ರೂಟು, ಯೋಜನೆಗೆ ಮುಂಚೆ, ಆಮೇಲೆ, ಹೆಂಗಸರು ಕೆಲಸಕ್ಕೆ ಹೋಗೋ ದೂರ ಬದಲಾಯ್ತಾ. ಡಿಫರೆನ್ಸ್-ಇನ್-ಡಿಫರೆನ್ಸಸ್ (ಎರಡು ಗುಂಪಲ್ಲಿ ಆದ ಬದಲಾವಣೆಗಳನ್ನ ಹೋಲಿಸೋ ವಿಧಾನ) ಅನ್ನೋದು ಅವನಿಗೆ ಪುಸ್ತಕದಿಂದ ಅಲ್ಲ, ಅವನ ಬಸ್‌ಸ್ಟಾಂಡಿಂದ ಬಂತು. ಎರಡು ಕಡೆ ಮೊದಲಿಂದಲೂ ಒಂದೇ ದಾರೀಲಿ ಸಾಗ್ತಿದ್ವಾ ಅಂತ ತೋರಿಸೋಕೆ ಮಾತ್ರ ಬೆವರು ಸುರಿಸಿದ.

ಡೇಟಾ ಕಡೆ ಹೇಳೋದಾದ್ರೆ, ನೂರು ಮನೆ ಸರ್ವೆ ಒಂದೇ ದಾರಿ ಅಲ್ಲ. ಕೇಂದ್ರ ಸಾಂಖ್ಯಿಕ ಸಚಿವಾಲಯದ ಸೈಟಲ್ಲಿ ಪಿಎಲ್‌ಎಫ್‌ಎಸ್ (ಉದ್ಯೋಗ, ಕೂಲಿ ಬಗ್ಗೆ ಮಾಡೋ ದೇಶಮಟ್ಟದ ಸರ್ವೆ) ಕಚ್ಚಾ ಡೇಟಾ ಪುಕ್ಕಟೆ ಸಿಗುತ್ತೆ, 2017-18ರಿಂದ ಇದೆ. ಆರ್‌ಬಿಐ ಅಂಕಿಅಂಶ ಕೈಪಿಡಿ ಇದೆ, ಕರ್ನಾಟಕ ಆರ್ಥಿಕ ಸಮೀಕ್ಷೆ ಕನ್ನಡದಲ್ಲೇ ಬರುತ್ತೆ. ಪಿಎಲ್‌ಎಫ್‌ಎಸ್ ಬಳಸೋವಾಗ ಮಲ್ಟಿಪ್ಲೈಯರ್ ಕಾಲಂ ಮರೆತು ಸರಾಸರಿ ತೆಗೀಬೇಡಿ, ತೂಕ ಹಾಕದಿದ್ರೆ ಬರೋ ಉತ್ತರ ಸರ್ವೆಲಿ ಸಿಕ್ಕವರದ್ದು ಮಾತ್ರ, ರಾಜ್ಯದ್ದಲ್ಲ.

ಅಮೆರಿಕದಲ್ಲಿ ಪಿಎಚ್‌ಡಿ ಮೊದಲ ವರ್ಷ. ಮಾಸ್-ಕೊಲೆಲ್ ಓದ್ತಾ ಅಳು ಬರ್ತಿದೆ. ಊರಿಂದ ಆನ್‌ಲೈನ್ ಟ್ಯೂಷನ್ ಆಗುತ್ತಾ?

ಮೊದಲು ಅತ್ತುಬಿಡಿ, ಪಿಎಚ್‌ಡಿ ಮೈಕ್ರೋದ ಆ ದಪ್ಪ ಪಠ್ಯಪುಸ್ತಕ ಓದ್ತಾ ಎಲ್ಲರೂ ಅಳ್ತಾರೆ. ಆಮೇಲೆ ನೀವು ಈಗಾಗ್ಲೇ ಪಡೆದಿರೋದನ್ನ ಬಳಸಿ. ಪ್ರತಿ ಕೋರ್ಸಿಗೂ ಟಿಎ (ಮೇಷ್ಟ್ರಿಗೆ ಸಹಾಯ ಮಾಡೋ ಸೀನಿಯರ್) ಇರ್ತಾರೆ, ಆಫೀಸ್ ಅವರ್ಸ್ (ಅನುಮಾನ ಕೇಳೋಕೆ ಇಟ್ಟಿರೋ ಟೈಮು) ಇರುತ್ತೆ, ನಮ್ಮ ಹುಡುಗರು ಅಲ್ಲಿಗೆ ಹೋಗೋದೇ ಇಲ್ಲ. ಮೇಷ್ಟ್ರ ರೂಮಿನ ಬಾಗಿಲು ತಟ್ಟೋದು ಅಂದ್ರೆ ನಮಗೆ ಬೈಸ್ಕೊಳ್ಳೋಕೆ ಹೋಗೋದು ಅಂತ ಮೈಯಲ್ಲಿ ಕೂತ್ಬಿಟ್ಟಿದೆ. ಅಲ್ಲಿ ಅದು ಅವರ ಕೆಲಸ, ಬರೀ ಕೈಯಲ್ಲಿ ಹೋದ್ರೆ ಮಾತ್ರ ಬೇಜಾರು ಮಾಡ್ಕೋತಾರೆ. ಪ್ರಾಬ್ಲಂ ಸೆಟ್ಟು ಒಬ್ರೇ ಮಾಡಿ ಸೋತು ಆಮೇಲೆ ಗುಂಪಲ್ಲಿ ಕೂತ್ಕೊಳ್ಳಿ, ಪ್ರಿಲಿಮ್ (ಮುಂದಕ್ಕೆ ಹೋಗೋಕೆ ಪಾಸಾಗಲೇಬೇಕಾದ ಪರೀಕ್ಷೆ) ಪಾಸಾಗೋರು ಹೆಚ್ಚಿನವರು ಹಂಗೇ ಆಗೋದು.

ಈ ಮಟ್ಟದಲ್ಲಿ ಅಡ್ಡ ಬರೋದು ಲೆಕ್ಕ ಅಲ್ಲ, ಪ್ರೂಫು. ಕ್ಲೋಸ್ಡ್ ಸೆಟ್, ಕಾಂಪ್ಯಾಕ್ಟ್ ಸೆಟ್, ಕಾನ್‌ಕೇವ್, ಕ್ವಾಸಿಕಾನ್‌ಕೇವ್, ಫಿಕ್ಸ್‌ಡ್ ಪಾಯಿಂಟ್. ನಮ್ಮ ಎಂಎಲಿ ರಿಯಲ್ ಅನಾಲಿಸಿಸ್ (ಇಂಥ ಪ್ರೂಫ್ ಕಲಿಸೋ ಗಣಿತದ ಪಾಠ) ಇಲ್ಲದ ಕೊರತೆ ಇಲ್ಲಿ ಕಾಣುತ್ತೆ. ಅದಕ್ಕೆ ಎಕನಾಮಿಕ್ಸ್ ಟ್ಯೂಟರ್ ಹುಡುಕೋ ಬದಲು ಎಂಎಸ್‌ಸಿ ಮ್ಯಾಥ್ಸ್ ಮಾಡಿದವರನ್ನ ಹಿಡೀರಿ, ನಾನು ಮೂರು ಜನನ ಹಂಗೇ ಕಳಿಸಿದೀನಿ. ಹೋಗೋ ಮುಂಚೆ ಇನ್ನೂ ಇಲ್ಲೇ ಇದ್ದೀರಾ ಅಂದ್ರೆ ಕ್ಲಾಸ್ ಶುರುವಾಗೋ ಮುಂಚೆ ಆಗಸ್ಟ್‌ನಲ್ಲಿ ಅಲ್ಲಿ ನಡೆಸೋ ಮ್ಯಾತ್ ಕ್ಯಾಂಪ್ ನಂಬ್ಕೊಂಡು ಕೂರಬೇಡಿ, ಆ ಎರಡು ಮೂರು ವಾರ ಗೊತ್ತಿರೋದನ್ನ ನೆನಪು ಮಾಡ್ಕೊಳ್ಳೋಕೆ, ಹೊಸದಾಗಿ ಕಲಿಯೋಕೆ ಸಾಲಲ್ಲ.

ನಾನೀಗ ಎಂಎ ಎರಡನೇ ವರ್ಷ. ನಾನೇ ಟ್ಯೂಷನ್ ಹೇಳ್ಕೊಡಬಹುದಾ?

ಶುರು ಮಾಡಿ, ಮೊದಲ ವರ್ಷದವರಿಗೆ, ಬಿಎ ಕೊನೇ ಸೆಮ್‌ನವರಿಗೆ. ನಿಮಗೆ ಸುಲಭ ಅನ್ಸಿದ ಪಾಠ ಬೇಡ, ಒದ್ದಾಡಿ ಕಲಿತ ಪಾಠ ತಗೊಳ್ಳಿ. ಹೊಡೆದು ಹಾಕಿದ ಲೆಕ್ಕಗಳಿರೋ ಹಳೇ ನೋಟ್‌ಬುಕ್ಕು ರದ್ದಿಗೆ ಹಾಕಿರದಿದ್ರೆ ಅದನ್ನೇ ಪಕ್ಕದಲ್ಲಿ ಇಟ್ಕೊಳ್ಳಿ, ಅವರೂ ಅಲ್ಲೇ ಎಡವೋದು. ಪುಕ್ಕಟೆ ಮಾತ್ರ ಹೇಳ್ಕೊಡಬೇಡಿ, ಐವತ್ತು ರೂಪಾಯಿ ಆದ್ರೂ ತಗೊಳ್ಳಿ, ಇಲ್ಲಾಂದ್ರೆ ಮಳೆ ಬಂದ್ರೆ ಬರಲ್ಲ ಅವರು. ಘಾತಾಂಕದ ಹುಡುಗಿ ಅಂದೆನಲ್ಲ, ಈಗ ನಾಲ್ಕು ಜನಕ್ಕೆ ಮೈಕ್ರೋ ಹೇಳ್ಕೊಡ್ತಾಳೆ, ನನ್ನ ಶನಿವಾರ ಭಾನುವಾರ ತುಂಬಿರೋದ್ರಿಂದ ಹೊಸಬರು ಯಾರಾದ್ರೂ ಫೋನ್ ಮಾಡಿದ್ರೆ ಅವಳ ಹತ್ರಾನೇ ಕಳಿಸ್ತೀನಿ.